ಅಕ್ಕನ ಮೂಗು, ಅಪ್ಪನ ಸುತ್ತಿಗೆ

ನಾಟಾ ಡಿಪೋದ ಕಚೇರಿಯಲ್ಲಿ ಗಡಿಯಾರದ ಕೆಳಗೆ ಇವತ್ತಿಗೂ ಅಪ್ಪನ ಫೋಟೊ ಇದೆ. ಅದರ ಅಡಿಯಲ್ಲಿ ‘ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ತಪ್ಪದ ಮೂಗು’ ಎಂದು ಬರೆಸಿದ್ದಾರೆ. ಹೋದ ತಿಂಗಳು ಅಕ್ಕ ತೀರಿಕೊಂಡಾಗ ಆ ಡಿಪೋದಿಂದ ಒಬ್ಬ ಜವಾನನೂ ಬರಲಿಲ್ಲ. ಬರಬೇಕೆಂದು ನಿಯಮವೇನಿಲ್ಲ ಬಿಡಿ. ಅವಳು ಅಲ್ಲಿ ಒಂದು ದಿನವೂ ಸಂಬಳಕ್ಕೆ ದುಡಿದವಳಲ್ಲ. ಆದರೆ ಆ ಮೂವತ್ತೊಂದರಲ್ಲಿ ಕೊನೆಯ ಹನ್ನೊಂದು ವರ್ಷದ ಮೂಗು ಅವಳದು. ಇದನ್ನು ಬಲ್ಲವರು ನಾಲ್ಕೇ ಜನ. ಮೂವರು ಈಗಿಲ್ಲ. ಉಳಿದವಳು ನಾನು, ಅವಳ ತಂಗಿ. ಇನ್ನು ಯಾರ ಮರ್ಯಾದೆ ಕಾಯುವ ಹಂಗೂ ನನಗಿಲ್ಲ.

ಮೊದಲು ಮರದ ವಿಷಯ ಹೇಳಬೇಕು. ನಮ್ಮ ಬೆಟ್ಟಗಳಲ್ಲಿ ಎಲೆಗೆ ಬದಲು ಸೂಜಿ ಬಿಡುವ, ಹೆಂಚು ಹೊದಿಸಿದಂಥ ಗಟ್ಟಿ ಕಾಯಿ ಬಿಡುವ ಒಂದು ಮರವಿದೆ. ಯಾರೂ ತಂದು ನೆಟ್ಟದ್ದಲ್ಲ, ಅಲ್ಲಿಯದೇ. ತೊಲೆಯಾಗುವಷ್ಟು ಬೆಳೆಯಲು ಅದಕ್ಕೆ ನೂರು ವರ್ಷ ಬೇಕು. ತೊಲೆಯಾದ ಮೇಲೆ ಇನ್ನೊಂದು ನೂರು ವರ್ಷ ಗೆದ್ದಲಿಗೆ ಜಗ್ಗುವುದಿಲ್ಲ. ಡಿಪೋದ ಪುಸ್ತಕದಲ್ಲಿ ಅದು ಬೆಟ್ಟದಾರು. ಕಡಿಯುವವರ ಬಾಯಲ್ಲಿ ಸೂಜಿಮರ. ದೋಣಿಗೆ ಹಾಯಿಕಂಬ ನಿಲ್ಲಿಸುವವರಿಗೆ ಕೂವೆಮರ. ಅಂಟು ಇಳಿಸುವವರು ಅದನ್ನು ಅಳುಮರ ಎನ್ನುತ್ತಾರೆ, ಒಮ್ಮೆ ಗಾಯ ಮಾಡಿದರೆ ವರ್ಷಗಟ್ಟಲೆ ಸೋರುತ್ತದೆ ಎಂದು. ಇದ್ದಿಲು ಸುಡುವವರಿಗೆ ಅದು ಸಿಡುಕ. ಬೆಂಕಿ ಕಂಡರೆ ಚಟಚಟ ಎಂದು ಮೈಮೇಲೆ ಬರುತ್ತದಂತೆ, ನಮ್ಮ ಸೋದರತ್ತೆಯ ಹಾಗೆ. ಒಂದೊಂದು ಕಸುಬಿನವರು ತಮಗೆ ಬೇಕಾದಷ್ಟನ್ನು ಮಾತ್ರ ಆ ಮರದಲ್ಲಿ ನೋಡಿ ಹೆಸರಿಟ್ಟಿದ್ದಾರೆ. ಮನುಷ್ಯರಿಗೂ ನಾವು ಮಾಡುವುದು ಅದನ್ನೇ.

ಈ ಮರಕ್ಕೊಂದು ದಾಯಾದಿ ಮರವಿದೆ. ಎಲ್ಲಿಂದಲೋ ಬೀಜ ತರಿಸಿ ಬೋಳುಗುಡ್ಡಗಳ ಮೇಲೆ ನೆಟ್ಟದ್ದು. ಇಪ್ಪತ್ತು ವರ್ಷಕ್ಕೇ ದಪ್ಪಗಾಗುತ್ತದೆ, ತೊಲೆ ಮಾಡಿ ಏರಿಸಿದರೆ ಹತ್ತು ವರ್ಷಕ್ಕೆ ಒಳಗಿಂದ ಟೊಳ್ಳಾಗುತ್ತದೆ. ವ್ಯಾಪಾರಿಗಳು ಅದನ್ನು ಹೊಸದಾರು ಎಂದರು, ಡಿಪೋದವರು ಕಳ್ಳದಾರು ಎಂದರು. ಸಿಪ್ಪೆ ತೆಗೆದು ದಿಮ್ಮಿ ಮಾಡಿ ಆರು ತಿಂಗಳು ಬಿಸಿಲಿಗೆ ಹಾಕಿದರೆ ಎರಡೂ ಹೆಚ್ಚುಕಡಿಮೆ ಒಂದೇ ಕೆಂಪು. ಹತ್ತರಲ್ಲಿ ಏಳೆಂಟು ದಿಮ್ಮಿಗಳನ್ನು ಪಳಗಿದ ಕಣ್ಣು ಗುರುತಿಸುತ್ತದೆ. ಉಳಿದ ಎರಡು ಮೂರಕ್ಕೆ ಮೂಗೇ ಬೇಕು. ಹಸಿ ಚಕ್ಕೆ ಎಬ್ಬಿಸಿ ಮೂಸಿದರೆ ಬೆಟ್ಟದಾರಿನಲ್ಲಿ ಕಿತ್ತಳೆ ಸಿಪ್ಪೆ ಹಿಚುಕಿದ ವಾಸನೆ, ಅದರ ಹಿಂದೆಯೇ ಒಂಚೂರು ಕಬ್ಬಿಣದ ವಾಸನೆ. ಕಳ್ಳದಾರಿನಲ್ಲಿ ಕಿತ್ತಳೆ ಇರುತ್ತದೆ, ಕಬ್ಬಿಣ ಇರುವುದಿಲ್ಲ. ಆ ಕಬ್ಬಿಣವನ್ನು ಹಿಡಿಯುವುದೇ ಅಪ್ಪನ ಕೆಲಸ. ಹಿಡಿದ ದಿಮ್ಮಿಯ ತಲೆಗೆ ಮುದ್ರೆಯ ಸುತ್ತಿಗೆಯಿಂದ ಒಂದು ಏಟು. ಮುದ್ರೆ ಬಿದ್ದದ್ದು ಮನೆಯ ಮಾಡಿಗೆ ಹೋಗುತ್ತದೆ, ಬೀಳದ್ದು ಪೆಟ್ಟಿಗೆ ಹೊಡೆಯುವ ಕಾರ್ಖಾನೆಗೆ. ಊರಲ್ಲಿ ಅಪ್ಪನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವನು ‘ಮೂಗು’.

ನನಗೆ ಏಳು ವರ್ಷವಿದ್ದಾಗ ಅಪ್ಪನಿಗೆ ಜ್ವರ ಬಂತು. ಮೂರು ವಾರ ಮಲಗಿದ್ದ. ಎದ್ದ ಮೇಲೆ ಒಂದು ಬೆಳಿಗ್ಗೆ ಒಲೆಯ ಪಕ್ಕದಲ್ಲೇ ಕುಳಿತು ಪೇಪರು ಓದುತ್ತಿದ್ದ. ಹಾಲು ಉಕ್ಕಿ, ಸೀದು, ಪಾತ್ರೆ ಕಪ್ಪಾಗಿ ಹೊಗೆ ನಡುಮನೆಗೆ ಬಂದರೂ ತಲೆ ಎತ್ತಲಿಲ್ಲ. ಅಮ್ಮ ಓಡಿಬಂದು ಬಯ್ದಳು. ಆಮೇಲೆ ಬಯ್ಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಅಪ್ಪ ಅವತ್ತು ಮೆಣಸಿನ ಪುಡಿ, ಸೀಮೆಎಣ್ಣೆ, ಸಾಬೂನು, ಹಳೆಯ ಬೂಟು ಎಲ್ಲವನ್ನೂ ಒಂದೊಂದಾಗಿ ಮೂಸಿದ. ಏನೂ ಇಲ್ಲ. ಪಿಂಚಣಿಗೆ ಇನ್ನೂ ಹನ್ನೊಂದು ವರ್ಷ ಬಾಕಿ. ಮೂಗಿಲ್ಲದ ಪರೀಕ್ಷಕನನ್ನು ಯಾವ ಡಿಪೋ ತಾನೆ ಇಟ್ಟುಕೊಳ್ಳುತ್ತದೆ?

ಅಕ್ಕನಿಗೆ ಆಗ ಹದಿನೆಂಟು. ಚಿಕ್ಕಂದಿನಿಂದ ಅಪ್ಪನಿಗೆ ಊಟದ ಡಬ್ಬಿ ಕೊಂಡೊಯ್ದು, ಅವನು ಉಣ್ಣುವಷ್ಟು ಹೊತ್ತು ದಿಮ್ಮಿಗಳ ಮೇಲೆ ಹತ್ತಿ ಇಳಿದು ಬೆಳೆದವಳು. ಅಪ್ಪ ಆಟಕ್ಕೆಂದು ಚಕ್ಕೆ ಕೊಟ್ಟು ‘ಇದ್ಯಾವುದು ಹೇಳು’ ಅನ್ನುತ್ತಿದ್ದ. ಅವಳು ಹೇಳುತ್ತಿದ್ದಳು. ಒಂದೊಂದು ಸಲ ಅಪ್ಪ ತಡವರಿಸಿದ್ದನ್ನು ಅವಳು ಥಟ್ಟನೆ ಹೇಳಿದ್ದೂ ಉಂಟಂತೆ. ಹಾಲು ಸೀದ ಮಾರನೆಯ ದಿನ ಅಪ್ಪ ಜೇಬಿನಿಂದ ಹನ್ನೆರಡು ಕಾಗದದ ಪೊಟ್ಟಣ ತೆಗೆದು ಅವಳ ಮುಂದಿಟ್ಟ. ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ದಿಮ್ಮಿಯ ನಂಬರು. ಆವತ್ತಿನಿಂದ ನಮ್ಮ ಅಡುಗೆಮನೆ ಡಿಪೋದ ಶಾಖೆಯಾಯಿತು.

ಸಂಜೆ ಪೊಟ್ಟಣ ಬರುತ್ತಿತ್ತು. ಅಕ್ಕ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಕಿಟಕಿ ತೆರೆದು, ಒಂದೊಂದೇ ಬಿಚ್ಚಿ ಮೂಸಿ ನಂಬರಿನ ಪಕ್ಕ ಗೀಟೋ ಸೊನ್ನೆಯೋ ಹಾಕುತ್ತಿದ್ದಳು. ಅಲ್ಲಿಯವರೆಗೆ ಒಲೆ ಹಚ್ಚುವಂತಿಲ್ಲ. ಅವಳು ತಲೆಗೆ ಎಣ್ಣೆ ಹಚ್ಚುವುದು ಬಿಟ್ಟಳು, ಮುಖಕ್ಕೆ ಸಾಬೂನು ಬಿಟ್ಟಳು, ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದು ಬಿಟ್ಟಳು. ನೆಂಟರ ಮನೆಯಲ್ಲಿ ಊಟ ಮಾಡಿದರೆ ಮೂಗು ಮಂಕಾಗುತ್ತದೆಂದು ನೆಂಟರ ಮನೆಗೆ ಹೋಗುವುದನ್ನೂ ಬಿಟ್ಟಳು. ಹೆಣ್ಣು ಕೇಳಿ ಬಂದವರಿಗೆ ಅಪ್ಪ ‘ಇನ್ನೊಂದು ವರ್ಷ ಹೋಗ್ಲಿ’ ಅಂದ. ಮರುವರ್ಷವೂ ಅದನ್ನೇ ಅಂದ. ಆರೇಳು ವರ್ಷ ಕಳೆದ ಮೇಲೆ ಕೇಳುವವರೇ ಇರಲಿಲ್ಲ, ಅಪ್ಪನಿಗೂ ಸುಳ್ಳು ಹೇಳುವ ಕಷ್ಟ ತಪ್ಪಿತು.

ಮೂಸಿದ ದಿನವೇ ಮುದ್ರೆ ಹೊಡೆಯದೆ ಮಾರನೆಯ ದಿನ ಯಾಕೆ ಹೊಡೀತೀರಿ ಎಂದು ಮೇಲಧಿಕಾರಿ ಕೇಳಿದಾಗ ಅಪ್ಪ ಏನು ಹೇಳಿದ ಗೊತ್ತೆ? ‘ಚಕ್ಕೆ ಎಬ್ಬಿಸಿದ ಮೇಲೆ ಮರ ಒಂದು ರಾತ್ರಿ ಮಲಗ್ಬೇಕು ಸಾರ್. ಆಮೇಲೇ ಅದು ನಿಜ ಮಾತಾಡೋದು.’ ಮೇಲಧಿಕಾರಿ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಬಂದ ಅತಿಥಿಗಳಿಗೆಲ್ಲ ಅದನ್ನು ಹೇಳಿದರು. ಮುಂದೆ ತರಬೇತಿಯ ಕೈಪಿಡಿಯಲ್ಲೂ ಅದು ಅಚ್ಚಾಯಿತು. ಅಪ್ಪನ ಸುಳ್ಳನ್ನು ಬಾಯಿಪಾಠ ಮಾಡಿ ಎಷ್ಟು ಜನ ಪಾಸಾದರೋ ಲೆಕ್ಕವಿಲ್ಲ.

ಅಕ್ಕ ಬರೀ ಮೂಸುತ್ತ ಕೂರಲಿಲ್ಲ. ಲಾರಿಯ ಚೀಟಿಗಳಲ್ಲಿ ಒಂದೇ ಮರ ಹತ್ತು ಹೆಸರಿನಲ್ಲಿ ಬರುತ್ತಿತ್ತು. ಹೊಳೆಯಾಚೆಯವರು ಸಿಡುಕ ಎಂದು ಬರೆದರೆ ಅದು ಬೆಟ್ಟದಾರು; ಕೆಳಗಿನ ಗರಗಸದ ಕಾರ್ಖಾನೆಯವರು ಅದೇ ಹೆಸರು ಬರೆದರೆ ನೂರಕ್ಕೆ ತೊಂಬತ್ತು ಕಳ್ಳದಾರು. ಅವಳು ನನ್ನ ಹಳೆಯ ಕಾಪಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಯಾವ ಕಡೆಯವರು, ಯಾವ ಕಸುಬಿನವರು, ಯಾವ ವಯಸ್ಸಿನ ಮರಕ್ಕೆ ಏನನ್ನುತ್ತಾರೆ ಎಂದು ಬರೆದಿಟ್ಟಳು. ಸೌದೆ ಹೊರುವ ಮುದುಕಿಯರನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಕೇಳುತ್ತಿದ್ದಳು. ಎಳೆಯ ಮರಕ್ಕೆ ಬೇರೆ ಹೆಸರು, ಸಿಡಿಲು ಬಡಿದದ್ದಕ್ಕೆ ಬೇರೆ. ಒಂದು ಹೆಸರಂತೂ ನಾನು ಇಲ್ಲಿ ಬರೆಯುವ ಹಾಗಿಲ್ಲ. ಅದನ್ನು ಹೇಳಿದ ಮುದುಕಿ ತಾನೇ ನಕ್ಕು ಸೆರಗು ಬಾಯಿಗೆ ಒತ್ತಿಕೊಂಡಳು. ಅಕ್ಕ ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಅಪ್ಪ ನಿವೃತ್ತನಾಗುವ ವರ್ಷ ಆ ಹುದ್ದೆಗೆ ಅರ್ಜಿ ಕರೆದರು. ಅಕ್ಕ ಅರ್ಜಿ ಹಾಕಿದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಅವಳು ತನಗೆಂದು ಕೇಳಿದ ಮೊದಲನೆಯದು ಅದು. ‘ಮದುವೆ ಗಿದುವೆ ನನಗೆ ಬೇಡ’ ಅಂದಳು ನನಗೆ. ‘ಆ ಸುತ್ತಿಗೆ ಬೇಕು. ಹಗಲು ಹೊತ್ತಲ್ಲಿ, ಎಲ್ಲರ ಎದುರಿಗೆ ದಿಮ್ಮಿ ಮೂಸಿ, ನನ್ನ ಕೈಯಾರೆ ಒಂದು ಏಟು ಹೊಡೀಬೇಕು. ಅಷ್ಟೇ.’ ಅನುಭವದ ಪತ್ರ ಅವಳಲ್ಲಿ ಎಲ್ಲಿಂದ ಬರಬೇಕು? ಆದರೂ ಮೇಲಧಿಕಾರಿ ದೊಡ್ಡ ಮನಸ್ಸು ಮಾಡಿ, ‘ಮೂಗಿನ ಮಗಳಿಗೆ ಮೂಗಿರಲ್ವಾ? ಬರ್ಲಿ, ಪರೀಕ್ಷೆಗೆ ಕೂರ್ಲಿ’ ಅಂದರು.

ಅಪ್ಪನಿಗೂ ಖುಷಿಯೇ ಆಯಿತು, ಸುಳ್ಳು ಹೇಳಬಾರದು. ಮಗಳು ಗೆದ್ದರೆ ಗುಟ್ಟೂ ಉಳಿಯುತ್ತದೆ, ಕೆಲಸವೂ ಮನೆಯಲ್ಲೇ ಉಳಿಯುತ್ತದೆ ಎಂದು ಎಣಿಸಿದ್ದ. ಆದರೆ ಪರೀಕ್ಷೆ ಸಿದ್ಧಪಡಿಸುವವನು ಅವನೇ. ಮೂವತ್ತು ಚಕ್ಕೆ, ಮೂವತ್ತು ಬಟ್ಟಲು, ಯಾವುದು ಯಾವ ಮರ ಎಂಬ ಉತ್ತರದ ಪಟ್ಟಿ. ಅಪ್ಪ ಉಗ್ರಾಣದ ಬಾಗಿಲು ಹಾಕಿಕೊಂಡು ಒಬ್ಬನೇ ಜೋಡಿಸಿದ. ಮುದ್ರೆ ಬಿದ್ದ, ಬೀಳದ ದಿಮ್ಮಿಗಳಿಂದಲೇ ಚಕ್ಕೆ ತೆಗೆದದ್ದರಿಂದ ಮೂಗಿನ ಅಗತ್ಯವೇ ಇರಲಿಲ್ಲ. ಪಟ್ಟಿ ಬರೆದು ಮುಗಿಸಿದ. ಬಟ್ಟಲುಗಳನ್ನು ಹಲಗೆಯ ಮೇಲಿಟ್ಟು ಎತ್ತುವಾಗ ಮೊಣಕೈ ಬಾಗಿಲಿಗೆ ತಗುಲಿತು. ಒಂಬತ್ತು ಬಟ್ಟಲು ನೆಲಕ್ಕೆ ಬಿದ್ದು ಚಕ್ಕೆಗಳು ಕಲಸಿಹೋದವು.

ಮೂಗಿದ್ದವನಾದರೆ ಒಂಬತ್ತನ್ನೂ ಮೂಸಿ ಅವುಗಳ ಜಾಗದಲ್ಲಿಡಲು ಎರಡು ನಿಮಿಷ ಸಾಕಿತ್ತು. ಮತ್ತೆ ಹೊಸ ಚಕ್ಕೆ ತೆಗೆಯಲು ಹೋದರೆ ಹೊರಗೆ ಕಾಯುತ್ತಿದ್ದ ಗುಮಾಸ್ತ ಯಾಕೆ ಎಂದು ಕೇಳುತ್ತಿದ್ದ. ಅಪ್ಪ ಕಣ್ಣಂದಾಜಿನಲ್ಲಿ ಜೋಡಿಸಿದ. ಹೆಚ್ಚು ಕೆಂಪಗಿದ್ದವನ್ನು ಬೆಟ್ಟದಾರು ಎಂದು ಬರೆದ ನಂಬರಿಗೆ, ಪೇಲವವಾಗಿದ್ದವನ್ನು ಕಳ್ಳದಾರಿನ ನಂಬರಿಗೆ ಹಾಕಿದ. ಮೇಲಧಿಕಾರಿಯ ಎದುರು ಅರಗಿನ ಮುದ್ರೆ ಒತ್ತಿ ಪಟ್ಟಿ ಕೊಟ್ಟು ಮನೆಗೆ ಬಂದ. ಮನೆಯಲ್ಲಿ ತುಟಿ ಬಿಚ್ಚಲಿಲ್ಲ.

ಪರೀಕ್ಷೆಯ ದಿನ ನಾನು ಬೇಲಿಯ ಆಚೆ ನಿಂತಿದ್ದೆ. ಮೊದಲು ಬಾಯಿಪರೀಕ್ಷೆ. ಬೆಟ್ಟದಾರಿಗೆ ಇರುವ ಹೆಸರುಗಳನ್ನು ಹೇಳಿ ಅಂದರು. ಉಳಿದವರು ಮೂರು ನಾಲ್ಕು ಹೇಳಿದರು. ಅಕ್ಕ ಹದಿನೇಳು ಹೇಳಿದಳು. ಯಾವ ಕಡೆ ಯಾವ ಹೆಸರಿನಲ್ಲಿ ಮೋಸ ನಡೆಯುತ್ತದೆ ಎಂಬುದನ್ನೂ ಹೇಳಿದಳು. ಮೇಲಧಿಕಾರಿ ಕಾಪಿ ಪುಸ್ತಕ ಇಸಿದುಕೊಂಡು ನೋಡಿ, ‘ಇದು ನಮ್ಮಲ್ಲಿ ಇರ್ಲಿ’ ಅಂದರು. ಅದೂ ಮುಂದೆ ಕೈಪಿಡಿಯಲ್ಲಿ ಬಂತು, ಸಂಗ್ರಹಿಸಿದವರು ಎಂದು ಅಪ್ಪನ ಹೆಸರಿನಲ್ಲಿ. ಆಮೇಲೆ ಬಟ್ಟಲುಗಳು. ಅಕ್ಕ ಮೂವತ್ತನ್ನೂ ಊಟದ ಹೊತ್ತಿಗೆ ಮೊದಲೇ ಮುಗಿಸಿ ಹೊರಗೆ ಬಂದಳು. ‘ಹೇಗಾಯ್ತೇ?’ ಅಂದೆ. ‘ಇದೇನು ಪರೀಕ್ಷೇನಾ? ನಮ್ಮನೆ ಬೆಳಿಗ್ಗೆ ಇದು’ ಎಂದು ನಕ್ಕಳು.

ಸಂಜೆ ಅಂಕಗಳ ಪಟ್ಟಿ ಅಂಟಿಸಿದರು. ಅಕ್ಕನಿಗೆ ಮೂವತ್ತಕ್ಕೆ ಇಪ್ಪತ್ತನಾಲ್ಕು. ಲಾರಿ ಮಾಲೀಕನ ಮಗನೊಬ್ಬನಿಗೆ ಇಪ್ಪತ್ತಾರು. ಅವನು ಕೆಟ್ಟವನೇನಲ್ಲ. ಮೂಸಿದರೆ ತನಗೇನೂ ಹೊಳೆಯದೆ ಬಣ್ಣ ನೋಡಿ ಬರೆದೆ ಎಂದು ಗೆಳೆಯರ ಹತ್ತಿರ ಅವನೇ ಹೇಳಿಕೊಂಡು ನಗುತ್ತಿದ್ದ. ಕಣ್ಣಂದಾಜಿನಲ್ಲಿ ಇಟ್ಟದ್ದನ್ನು ಕಣ್ಣಂದಾಜಿನಲ್ಲಿ ನೋಡಿದವನು ಗೆದ್ದ. ಮೂಗಿನಿಂದ ನೋಡಿದವಳು ಸೋತಳು.

ಅಕ್ಕ ಉತ್ತರದ ಪಟ್ಟಿ ತೋರಿಸಿ ಎಂದು ಕೇಳಿದಳು. ತೋರಿಸಿದರು. ಆರು ಕಡೆ ವ್ಯತ್ಯಾಸವಿತ್ತು. ‘ಈ ಆರು ತಪ್ಪು ಸಾರ್’ ಅಂದಳು. ಅಲ್ಲಿದ್ದವರೆಲ್ಲ ನಕ್ಕರು. ಮೇಲಧಿಕಾರಿ ಮೆತ್ತಗೆ, ‘ಏನಮ್ಮ, ನಿಮ್ಮಪ್ಪನ ಮೂಗಲ್ಲೇ ತಪ್ಪು ಹುಡುಕ್ತೀಯಾ? ಹನ್ನೊಂದು ವರ್ಷದಿಂದ ಒಂದು ದಿಮ್ಮಿ ವಾಪಸ್ ಬಂದಿಲ್ಲ ಕಣಮ್ಮ ಅವರದ್ದು’ ಅಂದರು. ಹನ್ನೊಂದು ವರ್ಷ! ಎದುರಿಗೆ ನಿಂತವಳ ಹೆಸರನ್ನೇ ಎತ್ತಿ ಅವಳ ಮುಖಕ್ಕೆ ಹೊಡೆದ ಹಾಗಾಯಿತು. ಅಪ್ಪ ಅಲ್ಲೇ ಇದ್ದ. ತನ್ನ ಬೂಟು ನೋಡುತ್ತ ನಿಂತಿದ್ದ.

ಮನೆಗೆ ಬಂದು ಅಕ್ಕ ಕೇಳಿದ್ದು ಒಂದೇ. ‘ಬಟ್ಟಲು ಬಿತ್ತಾ ಅಪ್ಪ?’

‘ಕೈ ಜಾರ್ತು’ ಅಂದ ಅಪ್ಪ.

‘ಹೋಗಿ ಹೇಳು. ತಕರಾರು ಹಾಕೋಕೆ ಹದಿನೈದು ದಿನ ಟೈಮಿದೆ. ಚಕ್ಕೆಗಳನ್ನ ಸೀಲು ಮಾಡಿ ಇಟ್ಟಿದಾರೆ. ಬೇರೆ ಡಿಪೋದವ್ರನ್ನ ಕರೆಸಿ ನೋಡ್ತಾರೆ.’

‘ಹೇಳಿದ್ರೆ ಏನು ಕೇಳ್ತಾರೆ ಗೊತ್ತಲ್ಲ? ಬಿದ್ರೆ ಮೂಸಿ ಜೋಡಿಸ್ಬಹುದಿತ್ತಲ್ರೀ ಅಂತಾರೆ. ಏನಂತ ಹೇಳ್ಲಿ? ಹನ್ನೊಂದು ವರ್ಷ ಕಳ್ಳ ಮುದ್ರೆ ಹೊಡೆದೋನು ಅಂತ ಪಿಂಚಣಿ ಕಿತ್ಕೊಂಡ್ರೆ ಎಲ್ರೂ ಏನು ತಿನ್ನೋದು?’

‘ಕಳ್ಳ ಮುದ್ರೆ ಒಂದೂ ಬಿದ್ದಿಲ್ಲ’ ಅಂದಳು ಅಕ್ಕ. ‘ಒಂದೇ ಒಂದೂ ಬಿದ್ದಿಲ್ಲ.’

ಅಪ್ಪ ಎದ್ದು ಹಿತ್ತಲಿಗೆ ಹೋದ. ಅಮ್ಮ ಅಕ್ಕನ ಪಕ್ಕ ಕುಳಿತು, ‘ನೀನು ಸಹಿಸ್ಕೊಳ್ಳೋಳು ಕಣೇ, ನಿನಗೆ ಅಭ್ಯಾಸ ಇದೆ’ ಅಂದಳು. ಇದಕ್ಕಿಂತ ಕ್ರೂರವಾದ ಮಾತನ್ನು ಅಷ್ಟು ಪ್ರೀತಿಯಿಂದ ಹೇಳಿದವರನ್ನು ನಾನು ಕಾಣೆ. ಅಪ್ಪನದು ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವ ಗಾದೆಯ ಬದುಕು. ಅಮ್ಮ ಆ ಮಾರಿಗೆ ಮಗಳನ್ನು ಕೊಟ್ಟವಳು.

ಅಕ್ಕ ತಕರಾರು ಅರ್ಜಿ ಬರೆದಿಟ್ಟಳು. ಅದರಲ್ಲಿ ಎರಡೇ ಸಾಲು: ಬಟ್ಟಲು ಬಿದ್ದು ಚಕ್ಕೆ ಕಲಸಿವೆ, ಮರುಪರೀಕ್ಷೆ ಮಾಡಿಸಬೇಕು. ಅದು ಮೇಜಿನ ಮೇಲಿತ್ತು. ಅದೇ ವಾರ ನನಗೆ ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕ ಪತ್ರ ಬಂತು. ಅಮ್ಮ ಆ ಪತ್ರವನ್ನು ತಂದು ಅರ್ಜಿಯ ಪಕ್ಕದಲ್ಲೇ ಇಟ್ಟಳು. ನನ್ನ ಫೀಸು ಅಪ್ಪನ ಪಿಂಚಣಿಯಿಂದ ಬರಬೇಕಿತ್ತು.

ಇಲ್ಲಿ ನನ್ನ ಪಾಲಿನ ತಪ್ಪನ್ನೂ ಹೇಳಿಬಿಡುತ್ತೇನೆ. ‘ನನ್ನ ಓದು ಹಾಳಾಗ್ಲಿ, ನೀನು ಹೋಗಿ ಅರ್ಜಿ ಕೊಡು’ ಎಂಬ ಮಾತನ್ನು ನಾನು ಆಡಲಿಲ್ಲ. ಹದಿನೈದು ದಿನ ದಿನವೂ ಆಡಬಹುದಿತ್ತು. ಅಕ್ಕ ಕಾದಳು ಎಂದೇ ನನ್ನ ನಂಬಿಕೆ. ನಾನು ಆ ದಿನಗಳಲ್ಲಿ ಪೆಟ್ಟಿಗೆಗೆ ಬಟ್ಟೆ ಜೋಡಿಸುತ್ತಿದ್ದೆ, ಅವಳ ಕಣ್ಣು ತಪ್ಪಿಸಿ ಓಡಾಡುತ್ತಿದ್ದೆ. ಹದಿನಾರನೆಯ ದಿನ ಅಕ್ಕ ಅರ್ಜಿಯನ್ನು ಮಡಚಿ ಒಲೆಗೆ ಹಾಕಿ, ಅದೇ ಬೆಂಕಿಯಲ್ಲಿ ನನಗೆ ಕಾಫಿ ಕಾಸಿ ಕೊಟ್ಟಳು. ನಾನು ಕುಡಿದೆ. ನಲವತ್ತು ವರ್ಷ ನರ್ಸಾಗಿ ಒಳ್ಳೆಯ ಹೆಸರು ತೆಗೆದುಕೊಂಡೆ. ಆ ಹೆಸರು ಯಾರ ಲೆಕ್ಕದ್ದು ಎಂದು ನನಗೆ ಗೊತ್ತು.

ಅಕ್ಕ ಆಮೇಲೆ ಸಿದ್ಧ ಉಡುಪಿನ ಕಾರ್ಖಾನೆ ಸೇರಿದಳು. ಗುಂಡಿ ಹೊಲಿಯುವುದು, ದಾರ ಕತ್ತರಿಸುವುದು. ಬೆರಳು ಸೊಟ್ಟಗಾಗುವವರೆಗೆ ಅಲ್ಲೇ ದುಡಿದಳು. ಯಾರ ಮೇಲೂ ಕೂಗಾಡಲಿಲ್ಲ, ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಅವಳದು ತಣ್ಣನೆಯ ಸ್ವಭಾವ ಎಂದು ಎಲ್ಲರೂ ಹೊಗಳುತ್ತಿದ್ದರು. ಅವಳು ಮೊದಲಿಂದ ಹಾಗಿರಲಿಲ್ಲ. ಯಾವ ದಿನ ಹಾಗಾದಳು ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಪರೀಕ್ಷೆಯಾಗಿ ಮೂರು ತಿಂಗಳಾಗಿತ್ತು. ನಾನು ರಜಕ್ಕೆ ಮನೆಗೆ ಬಂದಿದ್ದೆ. ಒಂದು ಭಾನುವಾರ ಮಧ್ಯಾಹ್ನ ಡಿಪೋದ ಹೊಸ ಪರೀಕ್ಷಕ, ಅದೇ ಲಾರಿ ಮಾಲೀಕನ ಮಗ, ಚೀಲ ಹಿಡಿದು ನಮ್ಮ ಮನೆಗೆ ಬಂದ. ಬೆವತುಹೋಗಿದ್ದ. ‘ಸಾರ್, ನಲವತ್ತು ದಿಮ್ಮಿ ಬಂದಿದೆ. ಕೈಪಿಡಿಲಿ ಹೇಳಿದ ಹಾಗೆ ಒಂದು ರಾತ್ರಿ ಮಲಗಿಸ್ದೆ. ಎರಡು ರಾತ್ರಿ ಮಲಗಿಸ್ದೆ. ಒಂದೂ ಮಾತಾಡ್ತಿಲ್ಲ ಸಾರ್. ನಾಳೆ ಮುದ್ರೆ ಹೊಡೀಲೇಬೇಕು. ನೀವೇ ಸ್ವಲ್ಪ...’ ಎಂದು ಕೈ ಮುಗಿದ.

ಅಪ್ಪನ ಮುಖ ಅರಳಿತು. ನಿವೃತ್ತನಾದ ಮೇಲೆ ಅವನನ್ನು ಯಾರೂ ಕೇಳಿಕೊಂಡು ಬಂದಿರಲಿಲ್ಲ. ‘ಕೂತ್ಕೋಪ್ಪಾ’ ಅಂದವನೇ ಚೀಲ ಎತ್ತಿಕೊಂಡು ನೆಟ್ಟಗೆ ಅಡುಗೆಮನೆಗೆ ಬಂದ. ಹನ್ನೊಂದು ವರ್ಷ ಸಂಜೆ ಹೇಗೆ ಬರುತ್ತಿದ್ದನೋ ಹಾಗೆಯೇ. ಮಗಳ ಮುಂದೆ ಚೀಲವಿಟ್ಟು, ಕಿವಿಯಿಂದ ಪೆನ್ಸಿಲು ತೆಗೆದು ಕೊಟ್ಟ. ಮುಖದಲ್ಲಿ ಒಂದು ಅಳುಕಿಲ್ಲ. ಚೀಲ ಎತ್ತಿ ಬೀದಿಗೆ ಎಸೆಯಲೇ ಎಂದು ನನಗನ್ನಿಸಿತು.

ಅಕ್ಕ ಕೈ ತೊಳೆದಳು. ಕಿಟಕಿ ತೆರೆದಳು. ನಲವತ್ತು ಪೊಟ್ಟಣಗಳನ್ನೂ ಒಂದೊಂದಾಗಿ ಬಿಚ್ಚಿ, ಮೂಸಿ, ಮಡಚಿಟ್ಟಳು. ಅರ್ಧ ಗಂಟೆಯ ಮೇಲಾಯಿತು. ಅಪ್ಪ ಬಾಗಿಲಲ್ಲಿ ನಿಂತು ಕಾಯುತ್ತಿದ್ದ. ಅವಳು ಯಾವ ಪೊಟ್ಟಣದ ಮೇಲೂ ಗುರುತು ಹಾಕಲಿಲ್ಲ. ಎಲ್ಲ ಮುಗಿದ ಮೇಲೆ ಚೀಲದ ಬಾಯಿ ಕಟ್ಟಿ, ಪೆನ್ಸಿಲು ಮೇಲಿಟ್ಟು ಅಪ್ಪನ ಕಡೆ ಸರಿಸಿದಳು.

‘ನನಗೇನೂ ವಾಸನೆ ಬರ್ತಿಲ್ಲಪ್ಪ’ ಅಂದಳು.

‘ಯಾಕೆ? ನೆಗಡೀನಾ?’

‘ಇಲ್ಲ. ನಿನ್ನ ಮಗಳಲ್ವಾ ನಾನು.’

ಆಗಲಾದರೂ ಅಪ್ಪ ಹೊರಗೆ ಹೋಗಿ, ‘ನನಗೆ ಗೊತ್ತಾಗಲ್ಲಪ್ಪ, ಬೇರೆ ಯಾರನ್ನಾದ್ರೂ ಕೇಳು’ ಎನ್ನಬಹುದಿತ್ತು. ಚೀಲ ತೆಗೆದುಕೊಂಡು ಹೋದ. ನಡುಮನೆಯಿಂದ ಅವನ ಗಟ್ಟಿ ದನಿ ಕೇಳಿಸಿತು: ‘ಎಲ್ಲಾ ಒಳ್ಳೇ ಮಾಲು ಕಣಯ್ಯ. ಕಣ್ಮುಚ್ಕೊಂಡು ಹೊಡಿ ಮುದ್ರೆ.’ ಹೊಸಬ ಸಂತೋಷದಿಂದ ಏನೇನೋ ಹೇಳುತ್ತ ಮೆಟ್ಟಿಲಿಳಿದು ಹೋದ.

ನಾನು ಅಕ್ಕನ ಹತ್ತಿರ ಹೋಗಿ ಪಿಸುಗುಟ್ಟಿದೆ. ‘ನಿಜವಾಗ್ಲೂ ಬರ್ಲಿಲ್ವಾ?’

‘ಹದಿನಾರು’ ಅಂದಳು.

‘ಏನು ಹದಿನಾರು?’

‘ಕಳ್ಳದಾರು. ನಲವತ್ತರಲ್ಲಿ ಹದಿನಾರು. ನಂಬರು ಬೇಕಾದ್ರೂ ಹೇಳ್ತೀನಿ.’

ಹೊಸಬ ಇನ್ನೂ ಬೀದಿಯ ತಿರುವಿನಲ್ಲೇ ಇದ್ದ, ಕೂಗಿದರೆ ಕೇಳಿಸುವಷ್ಟು ಹತ್ತಿರ. ಅಕ್ಕ ಕಿಟಕಿಯಿಂದ ಅವನನ್ನು ನೋಡುತ್ತ ನಿಂತಿದ್ದಳು. ನಾನೂ ನಿಂತಿದ್ದೆ. ಅವನು ತಿರುವು ದಾಟಿದ ಮೇಲೆ ಅವಳು ಕಿಟಕಿ ಮುಚ್ಚಿದಳು. ಆ ಹದಿನಾರು ದಿಮ್ಮಿಗಳು ಯಾರ ಮನೆಯ ತೊಲೆಗಳಾದವು, ಅವುಗಳ ಕೆಳಗೆ ಯಾರು ಮಲಗಿದರು ಎಂದು ಅವಳು ಒಂದು ದಿನವೂ ವಿಚಾರಿಸಲಿಲ್ಲ.